‘ನಾರ್ಮಲ್ ಸರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ!’

ಹೊಸ ಗಾಡಿಯಲ್ಲಿ ಏನೋ ತೊಂದರೆ ಇದೆ ಅಂತ ಸರ್ವಿಸ್ ಸೆಂಟರ್‌ಗೆ ಹೋದವರು ಈ ಮಾತನ್ನ ಕೇಳೇ ಕೇಳಿರ್ತೀರಿ. ನೀವು ಹೇಳ್ತೀರಿ: "ಗೇರ್ ಬದಲಾಗುವಾಗ ಗಾಡಿ ಎಗರುತ್ತೆ ಕಣ್ರೀ." ಅಡ್ವೈಸರ್ ಹುಡುಗ ಒಂದು ರೌಂಡ್ ಹೊಡೆದು ಬಂದು, ನಗುನಗುತ್ತಾ ಹೇಳ್ತಾನೆ: "ಅದು ನಾರ್ಮಲ್ ಸರ್. ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ." ಅಲ್ಲಿಗೆ ಮುಗಿಯಿತು. ನೀವು ಕೀ ತಗೊಂಡು ಮನೆಗೆ ಬರ್ತೀರಿ. ಗಾಡಿ ಎಗರುತ್ತಲೇ ಇರುತ್ತೆ.

ಈ ಮಾತು ಸುಳ್ಳಾ? ಪೂರ್ತಿ ಸುಳ್ಳಲ್ಲ. ನಿಜವಾ? ಪೂರ್ತಿ ನಿಜವೂ ಅಲ್ಲ. ಅರ್ಧ ನಿಜ. ಸ್ವಾಮಿ, ಪೂರ್ತಿ ಸುಳ್ಳನ್ನ ಹಿಡಿಯೋದು ಸುಲಭ. ಅರ್ಧ ನಿಜ ಹೇಳುವವನ ಕೈಯಲ್ಲಿ ನಾವು ವರ್ಷಗಟ್ಟಲೆ ಅಲೆಯುತ್ತೇವೆ. ಅಷ್ಟರಲ್ಲಿ ವಾರಂಟಿ ಮುಗಿದಿರುತ್ತೆ.

ಇವತ್ತು ಅಮೆರಿಕದ ಕಥೆಯೊಂದನ್ನ ನಿಮ್ಮ ಮುಂದಿಡ್ತೀನಿ. ಅಲ್ಲಿನ ಪಿಕಪ್ ಟ್ರಕ್‌ಗಳ ಕಥೆ. ಇದೇನಪ್ಪಾ, ನಮಗೂ ಅಮೆರಿಕದ ಟ್ರಕ್‌ಗೂ ಏನು ಸಂಬಂಧ ಅಂತ ಚಾನೆಲ್ ಬದಲಾಯಿಸಬೇಡಿ. ಕೊನೆಗೆ ಅದು ನಿಮ್ಮ ಮನೆ ಮುಂದೆ ನಿಂತಿರೋ ಗಾಡಿಗೇ ಬಂದು ನಿಲ್ಲುತ್ತೆ.

ಪಿಕಪ್ ಅಂದ್ರೆ ನಮ್ಮ ಕಣ್ಣ ಮುಂದೆ ಬರೋದು ಟೊಮೆಟೊ ಕ್ರೇಟ್ ತುಂಬಿಕೊಂಡು ಕೋಲಾರದ ಮಾರ್ಕೆಟ್‌ಗೆ ಹೋಗೋ ಗಾಡಿ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪಿಕಪ್ ಮನೆಯ ಗಾಡಿ. ಮಕ್ಕಳನ್ನ ಸ್ಕೂಲಿಗೆ ಬಿಡೋದು ಅದರಲ್ಲೇ, ದೋಣಿ ಎಳೆಯೋದು ಅದರಲ್ಲೇ, ರೈತ ಮೇವು ತರೋದೂ ಅದರಲ್ಲೇ. ಫೋರ್ಡ್ ಕಂಪನಿಯ ಎಫ್ ಸೀರೀಸ್ ಟ್ರಕ್‌ಗಳು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ವಾಹನಗಳು. ಅದರ ಬೆನ್ನಿಗೇ ಜನರಲ್ ಮೋಟಾರ್ಸ್‌ನ ಷೆವರ್ಲೆ ಸಿಲ್ವರಾಡೊ. ಇವು ಬಹುತೇಕ ಎಲ್ಲವೂ ಆಟೋಮ್ಯಾಟಿಕ್. ಎಡಗಾಲಿಗೆ ಕೆಲಸವೇ ಇಲ್ಲ.

ಹಾಗಾದ್ರೆ ಗೇರ್ ಬದಲಾಯಿಸೋದು ಯಾರು? ಮೊದಲು ಅದನ್ನ ಅರ್ಥ ಮಾಡಿಕೊಳ್ಳೋಣ. ಇದು ಗೊತ್ತಿಲ್ಲದಿದ್ರೆ ಅಡ್ವೈಸರ್ ಹೇಳಿದ್ದೇ ವೇದವಾಕ್ಯ ಆಗುತ್ತೆ.

ಎರಡು ಟೇಬಲ್ ಫ್ಯಾನ್ ತಗೊಳ್ಳಿ. ಎದುರುಬದುರು ಇಡಿ. ಒಂದಕ್ಕೆ ಮಾತ್ರ ಕರೆಂಟ್ ಕೊಡಿ. ಏನಾಗುತ್ತೆ? ಅದರ ಗಾಳಿಗೆ ಎದುರಿನ ಫ್ಯಾನ್ ಕೂಡ ತಾನಾಗಿಯೇ ತಿರುಗೋಕೆ ಶುರು ಮಾಡುತ್ತೆ. ಎರಡಕ್ಕೂ ನಡುವೆ ಯಾವ ಬೆಸುಗೆಯೂ ಇಲ್ಲ, ಬೆಲ್ಟೂ ಇಲ್ಲ. ಗಾಳಿಯ ಜಾಗದಲ್ಲಿ ಎಣ್ಣೆ ಇದೆ ಅಂದ್ಕೊಳ್ಳಿ. ಅದೇ ಟಾರ್ಕ್ ಕನ್ವರ್ಟರ್. ಒಂದು ಫ್ಯಾನ್ ಇಂಜಿನ್ ಕಡೆಗೆ, ಇನ್ನೊಂದು ಗೇರ್ ಬಾಕ್ಸ್ ಕಡೆಗೆ. ಅದಕ್ಕೇ ಸಿಗ್ನಲ್‌ನಲ್ಲಿ ಗಾಡಿ ನಿಂತಿದ್ರೂ ಇಂಜಿನ್ ಆಫ್ ಆಗಲ್ಲ.

ಆದರೆ ಫ್ಯಾನ್‌ನಿಂದ ಫ್ಯಾನ್‌ಗೆ ಹೋಗುವಾಗ ಸ್ವಲ್ಪ ಶಕ್ತಿ ಸೋರಿಹೋಗುತ್ತೆ. ಪೆಟ್ರೋಲ್ ದಂಡ. ಅದನ್ನ ತಪ್ಪಿಸೋಕೆ ಒಳಗೊಂದು ಕ್ಲಚ್ ಇಟ್ಟಿರ್ತಾರೆ. ಗಾಡಿ ಒಂದು ವೇಗಕ್ಕೆ ಬಂದ ಮೇಲೆ ಆ ಕ್ಲಚ್ ಎರಡೂ ಕಡೆಯನ್ನ ಹಿಡಿದು ಒಂದು ಮಾಡುತ್ತೆ. ಈ ಕ್ಲಚ್ಚನ್ನ ನೆನಪಿಟ್ಟುಕೊಳ್ಳಿ, ಮುಂದೆ ಇದರ ಕಥೆ ಬರುತ್ತೆ.

ಇನ್ನು ಗೇರ್‌ಗಳು. ಒಳಗೆ ಸೂರ್ಯನ ಸುತ್ತ ಗ್ರಹಗಳ ಹಾಗೆ ಸುತ್ತೋ ಹಲ್ಲಿನ ಚಕ್ರಗಳ ಗುಂಪುಗಳು. ಯಾವ ಚಕ್ರವನ್ನ ಹಿಡೀಬೇಕು, ಯಾವುದನ್ನ ಬಿಡಬೇಕು ಅನ್ನೋದರ ಮೇಲೆ ಗೇರ್ ನಿರ್ಧಾರ ಆಗುತ್ತೆ. ಹಿಡಿಯೋದು, ಬಿಡೋದು ಎಲ್ಲ ಕ್ಲಚ್ ಪ್ಲೇಟ್‌ಗಳ ಕೆಲಸ. ಅವನ್ನ ಒತ್ತೋದು ಎಣ್ಣೆಯ ಒತ್ತಡ. ಎಷ್ಟು ಎಣ್ಣೆ, ಯಾವಾಗ, ಯಾವ ಕಡೆಗೆ ಅಂತ ಹೇಳೋದು ಒಂದು ಕಂಪ್ಯೂಟರ್.

ಗೇರ್ ಬದಲಾಗುವ ಹೊತ್ತಿನಲ್ಲಿ ಏನಾಗುತ್ತೆ ಅಂದ್ರೆ, ಒಂದು ಕ್ಲಚ್ ಬಿಡಬೇಕು, ಇನ್ನೊಂದು ಹಿಡೀಬೇಕು. ಹಳ್ಳಿ ಮದುವೆ ಮನೆಯಲ್ಲಿ ಬಾವಿಯಿಂದ ಅಡುಗೆ ಚಪ್ಪರದವರೆಗೆ ಜನ ಸಾಲಾಗಿ ನಿಂತು ಬಿಂದಿಗೆ ದಾಟಿಸೋದನ್ನ ನೋಡಿದ್ದೀರಲ್ಲ? ಅದೇ ಲೆಕ್ಕ. ಈಚೆಯವನು ಬಿಡೋದಕ್ಕೂ ಆಚೆಯವನು ಹಿಡಿಯೋದಕ್ಕೂ ತಾಳ ಕೂಡಬೇಕು. ಈಚೆಯವನು ಬೇಗ ಬಿಟ್ಟನೋ, ಬಿಂದಿಗೆ ಕೆಳಗೆ. ಗಾಡಿಯಲ್ಲಿ ಅದು ಹೇಗೆ ಗೊತ್ತಾಗುತ್ತೆ? ಇಂಜಿನ್ ಒಂದು ಕ್ಷಣ ಸುಮ್ಮನೆ ಕಿರುಚುತ್ತೆ, ಗಾಡಿ ಮುಂದೆ ಹೋಗಲ್ಲ. ಈಚೆಯವನು ಬಿಡೋಕೆ ಮುಂಚೆಯೇ ಆಚೆಯವನು ಎಳೆದನೋ, ಇಬ್ಬರ ಕೈಗೂ ಜಗ್ಗು. ಗಾಡಿಯಲ್ಲಿ ಅದೇ ‘ಧಡ್’ ಅನ್ನೋ ಹೊಡೆತ. ಬೆನ್ನ ಹಿಂದಿನಿಂದ ಯಾರೋ ಗುದ್ದಿದ ಹಾಗೆ.

ಈ ಕೈ ಬದಲಾವಣೆ ಮುಗಿಯೋದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ಹಿಂದೆ ಆಟೋಮ್ಯಾಟಿಕ್ ಅಂದ್ರೆ ಮೂರು ಗೇರ್, ನಾಲ್ಕು ಗೇರ್. ಈಗ ಎಂಟು, ಹತ್ತು. ಯಾಕೆ? ಮೈಲೇಜ್. ಅಮೆರಿಕ ಸರ್ಕಾರ ಇಂಧನ ಮಿತವ್ಯಯದ ನಿಯಮ ಬಿಗಿ ಮಾಡಿತು. ಅಷ್ಟು ದೊಡ್ಡ ಟ್ರಕ್ ಕಡಿಮೆ ಕುಡೀಬೇಕಾದ್ರೆ ಇಂಜಿನ್ ಸದಾ ಹದವಾದ ವೇಗದಲ್ಲೇ ತಿರುಗಬೇಕು. ಅದಕ್ಕೆ ಹೆಚ್ಚು ಗೇರ್ ಬೇಕು. ಬೀದಿಯಲ್ಲಿ ಬದ್ಧ ವೈರಿಗಳಾದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ 2013ರಲ್ಲಿ ಕೈಜೋಡಿಸಿ, ಒಂಬತ್ತು ಮತ್ತು ಹತ್ತು ಗೇರ್‌ಗಳ ಟ್ರಾನ್ಸ್‌ಮಿಷನ್ ಒಟ್ಟಿಗೆ ತಯಾರಿಸೋಕೆ ಒಪ್ಪಂದ ಮಾಡಿಕೊಂಡವು. 2017ರ ಮಾಡೆಲ್‌ನ ಎಫ್-150ರಲ್ಲಿ ಹತ್ತು ಗೇರ್ ಬಂತು. ಮೈಲೇಜ್ ಸಿಕ್ತು, ನಿಜ. ಆದರೆ ಬಿಂದಿಗೆ ದಾಟಿಸೋ ಸಾಲು ಉದ್ದ ಆಯ್ತು. ಕೈ ಜಾಸ್ತಿ, ತಾಳ ತಪ್ಪೋ ಅವಕಾಶವೂ ಜಾಸ್ತಿ.

ಈಗ ಆ ‘ಸೆಟ್ ಆಗುತ್ತೆ’ ಮಾತಿಗೆ ಬರೋಣ. ಅದರಲ್ಲಿನ ನಿಜ ಯಾವುದು?

ಒಂದೇ ಫ್ಯಾಕ್ಟರಿಯಲ್ಲಿ, ಒಂದೇ ದಿನ ತಯಾರಾದ ಎರಡು ಗೇರ್ ಬಾಕ್ಸ್‌ಗಳು ಕೂಡ ಕೂದಲೆಳೆಯಷ್ಟು ಬೇರೆ ಬೇರೆ ಇರ್ತವೆ. ಒಂದರ ಕ್ಲಚ್ ತುಂಬೋಕೆ ಒಂದು ಹನಿ ಎಣ್ಣೆ ಹೆಚ್ಚು ಬೇಕು, ಇನ್ನೊಂದಕ್ಕೆ ಕಡಿಮೆ. ಓಡಿಸ್ತಾ ಓಡಿಸ್ತಾ ಪ್ಲೇಟ್‌ಗಳು ಹೊಂದಿಕೊಳ್ತವೆ. ಅದಕ್ಕೇ ಕಂಪ್ಯೂಟರ್ ಪ್ರತಿ ಸಲ ಗೇರ್ ಬದಲಾದಾಗ ಲೆಕ್ಕ ಇಟ್ಟುಕೊಳ್ಳುತ್ತೆ. ಕಳೆದ ಸಲ ಬೇಗ ಹಿಡಿದೆ, ಈ ಸಲ ಸ್ವಲ್ಪ ತಡ ಮಾಡೋಣ. ಕಳೆದ ಸಲ ಒತ್ತಡ ಜಾಸ್ತಿ ಆಯ್ತು, ಈ ಸಲ ಕಡಿಮೆ ಮಾಡೋಣ. ಹೀಗೆ ಕಲಿಯುತ್ತೆ. ಹೊಸ ಗಾಡಿಯ ಮೊದಲ ಕೆಲವು ನೂರು ಕಿಲೋಮೀಟರ್, ಸಾಫ್ಟ್‌ವೇರ್ ಅಪ್‌ಡೇಟ್ ಆದ ನಂತರದ ದಿನಗಳು, ಎಣ್ಣೆ ಇನ್ನೂ ಬಿಸಿಯಾಗದ ಚಳಿ ಬೆಳಗಿನ ಮೊದಲ ಕೆಲವು ನಿಮಿಷ, ಈ ಹೊತ್ತಿನಲ್ಲಿ ಸ್ವಲ್ಪ ಜಗ್ಗು ಕಂಡರೆ ಗಾಬರಿ ಬೇಡ. ಇಷ್ಟರ ಮಟ್ಟಿಗೆ ಆ ಹುಡುಗ ಹೇಳಿದ್ದು ಸರಿ.

ಆದರೆ ನೋಡಿ, ಕಲಿಯೋದಕ್ಕೂ ಒಂದು ಮಿತಿ ಇದೆ. ಮಗುವಿಗೆ ಮಗ್ಗಿ ಬರ್ತಿಲ್ಲ ಅಂದ್ರೆ ಕಲಿಸಬಹುದು. ಬೋರ್ಡೇ ಕಾಣಿಸ್ತಿಲ್ಲ ಅಂದ್ರೆ? ಕಣ್ಣಿನ ಡಾಕ್ಟರ್ ಹತ್ರ ಕರೆದುಕೊಂಡು ಹೋಗಬೇಕು. ಎಣ್ಣೆ ಸರಿ ಇಲ್ಲ, ಒಳಗಿನ ಭಾಗ ಜಾಗ ಬಿಟ್ಟು ಸರಿದಿದೆ, ಸೆನ್ಸರ್ ತಪ್ಪು ಲೆಕ್ಕ ಕೊಡ್ತಿದೆ ಅಂದ್ರೆ, ಕಂಪ್ಯೂಟರ್ ಎಷ್ಟು ಕಲಿತರೂ ಪ್ರಯೋಜನ ಇಲ್ಲ. ಅಂಥ ಗಾಡಿಗೂ ‘ಸೆಟ್ ಆಗುತ್ತೆ’ ಅಂದಾಗ ಏನಾಗುತ್ತೆ? ಮೂರು ಉದಾಹರಣೆ ಕೊಡ್ತೀನಿ, ಕೇಳಿ.

ಮೊದಲನೆಯದು ಎಣ್ಣೆಯ ಕಥೆ. ಜನರಲ್ ಮೋಟಾರ್ಸ್ 2015ರ ಮಾಡೆಲ್‌ನಿಂದ ತನ್ನ ಪಿಕಪ್‌ಗಳು, ಎಸ್‌ಯುವಿಗಳಲ್ಲಿ ಎಂಟು ಗೇರ್‌ನ ಟ್ರಾನ್ಸ್‌ಮಿಷನ್ ತಂದಿತು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗಾಡಿ ಗಡಗಡ ನಡುಗೋಕೆ ಶುರು ಆಯ್ತು. ಟೋಲ್ ಬೂತ್‌ಗೆ ಮುಂಚೆ ರಸ್ತೆಗೆ ಅಡ್ಡಲಾಗಿ ಗೆರೆ ಗೆರೆ ಉಬ್ಬು ಹಾಕಿರ್ತಾರಲ್ಲ, ಅದರ ಮೇಲೆ ಹೋದ ಹಾಗೆ. ಆಗಲೇ ಹೇಳಿದ ಆ ಕನ್ವರ್ಟರ್ ಒಳಗಿನ ಕ್ಲಚ್ ನೆನಪಿದೆಯಾ? ಒದ್ದೆ ಬೆರಳನ್ನ ಸ್ಟೀಲ್ ತಟ್ಟೆ ಮೇಲೆ ಒತ್ತಿ ಎಳೆದು ನೋಡಿ. ಜಾರಲ್ಲ, ಕಚ್ಚಿಕೊಳ್ಳೋದೂ ಇಲ್ಲ. ಕಿರ್ ಕಿರ್ ಅಂತ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹೋಗುತ್ತೆ. ಆ ಕ್ಲಚ್ ಮಾಡ್ತಿದ್ದದ್ದು ಅದನ್ನೇ. ಎಣ್ಣೆ ತೇವ ಹೀರಿಕೊಳ್ತಿತ್ತು, ಕ್ಲಚ್‌ನ ಹಿಡಿತದ ಹದ ಕೆಡ್ತಿತ್ತು. 2019ರ ಆರಂಭದಲ್ಲಿ ಕಂಪನಿ ಡೀಲರ್‌ಗಳಿಗೆ ಹೇಳಿತು: ಹಳೇ ಎಣ್ಣೆ ಪೂರ್ತಿ ತೊಳೆದು ತೆಗೀರಿ, ಬೇರೆ ನಮೂನೆಯ ಎಣ್ಣೆ ತುಂಬಿ.

ನಡುಕದ ಜೊತೆಗೆ, ಗೇರ್ ಬದಲಾಗುವಾಗಿನ ಹೊಡೆತದ ಬಗ್ಗೆಯೂ ದೂರುಗಳಿದ್ದವು. ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು. 26 ರಾಜ್ಯಗಳು, ಸುಮಾರು 8 ಲಕ್ಷ ವಾಹನಗಳು. 2023ರಲ್ಲಿ ಮಿಷಿಗನ್‌ನ ಫೆಡರಲ್ ಕೋರ್ಟ್, ಎಲ್ಲರ ಪರವಾಗಿ ಒಟ್ಟಿಗೆ ಕೇಸು ನಡೆಸಬಹುದು ಅಂತ ಒಪ್ಪಿತು. 2025ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಆ ಆದೇಶವನ್ನ ರದ್ದು ಮಾಡಿತು. ಎಲ್ಲರ ಗಾಡಿಯ ತೊಂದರೆ ಒಂದೇ ಅಲ್ಲ, ಕೆಲವರಿಗೆ ತೊಂದರೆಯೇ ಕಾಣಿಸಿಲ್ಲ, ಒಂದೊಂದು ರಾಜ್ಯದ ಕಾನೂನು ಒಂದೊಂದು ಥರ, ಎಲ್ಲವನ್ನೂ ಒಂದೇ ಮೂಟೆ ಕಟ್ಟೋಕಾಗಲ್ಲ, ಮತ್ತೆ ಪರಿಶೀಲಿಸಿ ಅಂತ ವಾಪಸ್ ಕಳಿಸಿತು. ಗಾಡಿ ಕೊಂಡು ಹತ್ತು ವರ್ಷ ಆಗಿದೆ ಸ್ವಾಮಿ! ‘ಎಗರುತ್ತೆ’ ಅನ್ನೋದನ್ನ ಕೋರ್ಟಿನಲ್ಲಿ ಸಾಬೀತು ಮಾಡೋದು ಎಷ್ಟು ಕಷ್ಟ ಅಂತ ಇದರಿಂದಲೇ ಗೊತ್ತಾಗುತ್ತೆ.

ಎರಡನೆಯದು ಪ್ರಾಣಕ್ಕೇ ಸಂಚಕಾರ ತರೋ ಕಥೆ. ಫೋರ್ಡ್ ಎಫ್-150ರ ಹಿಂದಿನ ಆರು ಗೇರ್‌ನ ಟ್ರಾನ್ಸ್‌ಮಿಷನ್. ಗೇರ್ ಬಾಕ್ಸ್‌ನಿಂದ ಹೊರಬರೋ ಶಾಫ್ಟ್ ಎಷ್ಟು ವೇಗವಾಗಿ ತಿರುಗ್ತಿದೆ ಅಂತ ಕಂಪ್ಯೂಟರ್‌ಗೆ ಹೇಳೋಕೆ ಒಂದು ಸೆನ್ಸರ್ ಇದೆ. ಗಾಡಿಯ ಬೆಲೆಯ ಮುಂದೆ ಅದು ಯಾವ ಲೆಕ್ಕ? ಆದರೆ ಅದರ ಸಿಗ್ನಲ್ ನಡುನಡುವೆ ಕಡಿದುಹೋದರೆ, ಹೆದ್ದಾರಿಯಲ್ಲಿ ಓಡ್ತಿರೋ ಗಾಡಿ ನಿಂತೇ ಹೋಗಿದೆಯೇನೋ ಅನ್ನೋ ಹಾಗೆ ಕಂಪ್ಯೂಟರ್ ಒಂದನೇ ಗೇರ್‌ಗೆ ಇಳಿಸಿಬಿಡಬಹುದು. ಯೋಚನೆ ಮಾಡಿ. ನೂರರ ವೇಗದಲ್ಲಿ ಹೋಗುವಾಗ ಬ್ರೇಕನ್ನ ಮುಟ್ಟದೆಯೇ ಗಾಡಿ ಮುಗ್ಗರಿಸುತ್ತೆ. ಚಕ್ರ ಜಾರಬಹುದು, ಹಿಡಿತ ತಪ್ಪಬಹುದು, ಹಿಂದಿನವನು ಬಂದು ಗುದ್ದಬಹುದು.

ಈ ತೊಂದರೆಗೆ 2016ರಲ್ಲಿ ಫೋರ್ಡ್ ಸುಮಾರು 2 ಲಕ್ಷ ವಾಹನ ವಾಪಸ್ ಕರೆಸಿ ಸಾಫ್ಟ್‌ವೇರ್ ಬದಲಾಯಿಸಿತು. ಮುಗೀತಾ? ಇಲ್ಲ. 2019ರಲ್ಲಿ 2011ರಿಂದ 2013ರವರೆಗಿನ ಮಾಡೆಲ್‌ನ ಸುಮಾರು 15 ಲಕ್ಷ ಎಫ್-150. ಮುಗೀತಾ? ಇಲ್ಲ. 2024ರಲ್ಲಿ 2014ರ ಮಾಡೆಲ್‌ನ ಐದೂವರೆ ಲಕ್ಷ. 2025ರ ಮಾರ್ಚ್‌ನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ, 2015ರಿಂದ 2017ರವರೆಗಿನ ಸುಮಾರು 13 ಲಕ್ಷ ಎಫ್-150ಗಳ ಮೇಲೆ ತನಿಖೆ ಶುರು ಮಾಡಿತು. ದೂರು ಅದೇ: ಗೇರ್ ಇದ್ದಕ್ಕಿದ್ದ ಹಾಗೆ ಕೆಳಗೆ ಇಳಿಯುತ್ತೆ, ಹಿಂದಿನ ಚಕ್ರ ಕ್ಷಣಕಾಲ ಕಚ್ಚಿಕೊಳ್ಳುತ್ತೆ. ಒಂದೊಂದೇ ಮಾಡೆಲ್ ವರ್ಷ, ಒಂದೊಂದೇ ಕಂತು. ಈ ಪಟ್ಟಿ ಮುಂದೆ ಹೋಗಿದ್ದು ಹೇಗೆ? ‘ನನಗೂ ಹೀಗೇ ಆಯ್ತು’ ಅಂತ ಚಾಲಕರು ಆ ಸಂಸ್ಥೆಗೆ ಬರೆದು ದಾಖಲೆ ಮಾಡ್ತಾ ಹೋದರು. ‘ನಾರ್ಮಲ್’ ಅಂದಿದ್ದನ್ನ ಎಲ್ಲರೂ ನಂಬಿ ಮನೆಯಲ್ಲಿ ಕೂತಿದ್ರೆ ತನಿಖೆ ಎಲ್ಲಿಂದ ಬರಬೇಕಿತ್ತು?

ಮೂರನೆಯದು ಪಿಕಪ್ ಕಥೆ ಅಲ್ಲ, ಕಾರಿನ ಕಥೆ. ಆದರೂ ಇಲ್ಲಿ ಹೇಳಲೇಬೇಕು. ಆಸ್ಟ್ರೇಲಿಯಾದಲ್ಲಿ ಫೋರ್ಡ್‌ನ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳಿಗೆ ‘ಪವರ್‌ಶಿಫ್ಟ್’ ಅನ್ನೋ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಹಾಕಿದ್ದರು. ಸುಮಾರು 70 ಸಾವಿರ ಗಾಡಿ. ಅವುಗಳಲ್ಲಿ ನಡುಕ, ಜಗ್ಗು. ಜನ ದೂರು ತಂದರೆ ಎಷ್ಟೋ ಮಂದಿಗೆ ಸಿಕ್ಕ ಉತ್ತರ ಏನು ಗೊತ್ತಾ? ನೀವು ಗಾಡಿ ಓಡಿಸೋ ರೀತಿಯಿಂದ ಹೀಗಾಗ್ತಿದೆ ಅಂತ! ತೊಂದರೆ ಇರೋದು ಕಂಪನಿಗೆ ಗೊತ್ತಿತ್ತು. ಆದರೂ ತಪ್ಪನ್ನ ಗ್ರಾಹಕನ ತಲೆಗೆ ಕಟ್ಟಿದ್ದರು. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಎಳೆಯಿತು. 2018ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟ್ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗಮನಿಸಿ, ಆ ದಂಡ ಬಿದ್ದಿದ್ದು ಗೇರ್ ಬಾಕ್ಸ್ ಕೆಟ್ಟದ್ದಕ್ಕಲ್ಲ. ಕೆಟ್ಟ ಗೇರ್ ಬಾಕ್ಸ್ ಹಿಡಿದು ಬಂದವರನ್ನ ನಡೆಸಿಕೊಂಡ ರೀತಿಗೆ.

ಈ ಮೂರರಲ್ಲೂ ಇರೋ ಎಳೆ ಒಂದೇ. ಕಂಪನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅಮೆರಿಕದಲ್ಲಿ ಹೀಗೆ ಕೈಕೊಡೋ ಗಾಡಿಗೆ ‘ಲೆಮನ್’ ಅಂತಾರೆ, ಅಂದ್ರೆ ನಿಂಬೆಹಣ್ಣು. ನಾವು ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡ್ತೀವಿ, ಅವರಿಗೆ ಗಾಡಿಯೇ ನಿಂಬೆಹಣ್ಣು! ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಇದೇ ‘ಲೆಮನ್’ ಹೆಸರಿಟ್ಟು ಒಂದು ಪ್ರಬಂಧ ಬರೆದರು. ಮಾರುವವನಿಗೆ ಗಾಡಿಯ ಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಇದರಿಂದ ಇಡೀ ಮಾರುಕಟ್ಟೆಯೇ ಹೇಗೆ ಕೆಡುತ್ತೆ ಅಂತ ಹಳೇ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು.

ಆ ಗುಟ್ಟನ್ನ ಒಡೆಯೋಕೆ ಅಮೆರಿಕ ಎರಡು ಕೆಲಸ ಮಾಡಿತು. ಒಂದು, 1982ರಲ್ಲಿ ಕನೆಕ್ಟಿಕಟ್ ರಾಜ್ಯ ‘ಲೆಮನ್ ಕಾನೂನು’ ತಂದಿತು. ಆಮೇಲೆ ಉಳಿದ ರಾಜ್ಯಗಳೂ ತಂದವು. ಕನೆಕ್ಟಿಕಟ್‌ನ ಲೆಕ್ಕ ಹೀಗಿದೆ: ಮೊದಲ ಎರಡು ವರ್ಷ ಅಥವಾ 24 ಸಾವಿರ ಮೈಲಿಯೊಳಗೆ ಒಂದೇ ತೊಂದರೆಗೆ ನಾಲ್ಕು ಸಲ ರಿಪೇರಿ ಮಾಡಿಸಿಯೂ ಸರಿಯಾಗದಿದ್ರೆ, ಅಥವಾ ಗಾಡಿ ಒಟ್ಟು 30 ದಿನ ಗ್ಯಾರೇಜಿನಲ್ಲೇ ಕೂತಿದ್ರೆ, ಬೇರೆ ಗಾಡಿ ಅಥವಾ ದುಡ್ಡು ವಾಪಸ್ ಕೇಳೋ ಹಕ್ಕು ಬರುತ್ತೆ. ಎರಡು, ಕಂಪನಿ ತನ್ನ ಡೀಲರ್‌ಗಳಿಗೆ ಕಳಿಸೋ ತಾಂತ್ರಿಕ ಸುತ್ತೋಲೆಗಳ ಪ್ರತಿಯನ್ನ ರಸ್ತೆ ಸುರಕ್ಷತಾ ಸಂಸ್ಥೆಗೂ ಕೊಡಬೇಕು. ಅದು ಸಾರ್ವಜನಿಕರಿಗೆ ಸಿಗುತ್ತೆ. ಫೋರ್ಡ್‌ನ ಆ ಹತ್ತು ಗೇರ್‌ನ ಪೆಟ್ಟಿಗೆಯನ್ನೇ ತಗೊಳ್ಳಿ. ಹೊಡೆತ ಇದ್ದರೆ ಕಲಿಕೆಯ ಲೆಕ್ಕ ಅಳಿಸಿ ಮೊದಲಿಂದ ಕಲಿಸಿ, ಅದಕ್ಕೂ ಬಗ್ಗದಿದ್ರೆ ಒಳಗಿನ ಒಂದು ಕ್ಲಚ್ ಸಿಲಿಂಡರನ್ನ ಬಿಚ್ಚಿ ನೋಡಿ ಬದಲಾಯಿಸಿ ಅಂತ ಡೀಲರ್‌ಗಳಿಗೆ ಸುತ್ತೋಲೆ ಹೋಗಿದೆ. ಆ ಸುತ್ತೋಲೆಯ ನಂಬರ್ ಹಿಡಿದು ಹೋದ ಗ್ರಾಹಕನ ಮುಂದೆ ‘ನಾರ್ಮಲ್ ಸರ್’ ಅನ್ನೋದು ಕಷ್ಟ.

ಇನ್ನು ನಮ್ಮ ಮನೆ ಬಾಗಿಲಿಗೆ ಬರೋಣ. ನಮ್ಮಲ್ಲಿ ಪಿಕಪ್ ಅಂದ್ರೆ ಇವತ್ತಿಗೂ ಹೆಚ್ಚಾಗಿ ಮ್ಯಾನ್ಯುವಲ್ ಗೇರ್. ಆದರೆ ಆಟೋಮ್ಯಾಟಿಕ್ ಪಿಕಪ್ ಕೂಡ ಬಂದಿದೆ. 2022ರಲ್ಲಿ ಇಲ್ಲಿ ಬಿಡುಗಡೆಯಾದ ಟೊಯೊಟಾ ಹೈಲಕ್ಸ್ ಆರು ಗೇರ್‌ನ ಆಟೋಮ್ಯಾಟಿಕ್‌ನಲ್ಲೂ ಸಿಗುತ್ತೆ. ಅದು ತಯಾರಾಗೋದು ನಮ್ಮ ಬಿಡದಿಯಲ್ಲೇ. ಕಾರುಗಳ ವಿಷಯ ಕೇಳಲೇಬೇಡಿ. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ಕ್ಲಚ್ ತುಳಿದವನು ಮುಂದಿನ ಕಾರು ಆಟೋಮ್ಯಾಟಿಕ್ಕೇ ಬೇಕು ಅಂತ ಶಪಥ ಮಾಡ್ತಾನೆ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಜೊತೆ ಬಂದ ಮೇಲೆ ಚಿಕ್ಕ ಕಾರಿಗೂ ಆಟೋಮ್ಯಾಟಿಕ್ ಬಂತು.

ಇಲ್ಲೊಂದು ಎಚ್ಚರಿಕೆ. ಎಲ್ಲ ಆಟೋಮ್ಯಾಟಿಕ್ಕೂ ಒಂದೇ ಅಲ್ಲ. ಎಎಂಟಿ ಅಂದ್ರೆ ಮಾಮೂಲಿ ಮ್ಯಾನ್ಯುವಲ್ ಗೇರ್ ಬಾಕ್ಸೇ. ನಿಮ್ಮ ಕೈಕಾಲಿನ ಬದಲು ಒಂದು ಯಂತ್ರ ಕ್ಲಚ್ ತುಳಿದು ಗೇರ್ ಹಾಕುತ್ತೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದೆ ಬಾಗೋದು ಅದರ ಸ್ವಭಾವ. ಅದನ್ನ ಹಿಡಿದು ಜಗಳಕ್ಕೆ ಹೋದರೆ ನಿಮ್ಮ ಟೈಮ್ ವೇಸ್ಟ್. ಟಾರ್ಕ್ ಕನ್ವರ್ಟರ್ ಇರೋ ಗಾಡಿ ಹಾಗೆ ತಲೆ ಬಾಗಿಸಬಾರದು. ಅದರಲ್ಲೂ ಈ ನಾಲ್ಕನ್ನ ಸಹಿಸಿಕೊಳ್ಳಲೇಬೇಡಿ: ಗಾಡಿ ಪೂರ್ತಿ ಬಿಸಿಯಾದ ಮೇಲೂ, ಒಂದೇ ಗೇರ್‌ನಲ್ಲಿ, ಮತ್ತೆ ಮತ್ತೆ ಬರೋ ಹೊಡೆತ. ಡಿ ಅಥವಾ ಆರ್ ಹಾಕಿದ ಮೇಲೆ ಒಂದೆರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡ್ ಅಂತ ಹಿಡಿಯೋದು. ಒಂದೇ ವೇಗದಲ್ಲಿ ಹೋಗುವಾಗಿನ ನಡುಕ. ಇದ್ದಕ್ಕಿದ್ದ ಹಾಗೆ ಗೇರ್ ಇಳಿಯೋದು. ಕೊನೆಯದು ಒಂದೇ ಒಂದು ಸಲ ಆದರೂ ಸಾಕು, ಗಾಡಿಯನ್ನ ಹೆದ್ದಾರಿಗೆ ಒಯ್ಯಬೇಡಿ.

ನಮ್ಮಲ್ಲಿ ಕಾನೂನು ಏನಿದೆ? ಲೆಮನ್ ಕಾನೂನು ಇಲ್ಲ. ಇಷ್ಟು ಸಲ ರಿಪೇರಿ ಆದರೆ ಗಾಡಿ ವಾಪಸ್ ಅನ್ನೋ ಲೆಕ್ಕ ನಮ್ಮ ಯಾವ ಕಾಯ್ದೆಯಲ್ಲೂ ಇಲ್ಲ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಹೊಣೆ ದೋಷ ಇರೋ ಭಾಗಕ್ಕೆ, ಇಡೀ ಕಾರು ಬದಲಾಯಿಸಿಕೊಡೋದಕ್ಕಲ್ಲ ಅನ್ನೋ ಅರ್ಥದಲ್ಲಿ ತೀರ್ಪು ಕೊಟ್ಟಿದೆ. ಹಾಗಂತ ಕೈ ಖಾಲಿ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ತಯಾರಿಕೆಯಲ್ಲೇ ದೋಷ ಇದ್ದರೆ ತಯಾರಕನೇ ಹೊಣೆ ಅಂತ ಅದು ಸ್ಪಷ್ಟವಾಗಿ ಹೇಳುತ್ತೆ. ನೀವು ಕೊಟ್ಟ ಬೆಲೆ 50 ಲಕ್ಷದವರೆಗಿದ್ರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಕಂಪನಿಯ ಆಫೀಸು ಎಲ್ಲೇ ಇರಲಿ, ನೀವು ಇರೋ ಊರಿನ ಆಯೋಗದಲ್ಲೇ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಮೊದಲ ಹೆಜ್ಜೆಯಾಗಿ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಪಿಕಪ್ ಇಟ್ಟುಕೊಂಡವರು ಇದೊಂದನ್ನ ತಿಳ್ಕೊಳ್ಳಿ. ವ್ಯಾಪಾರದ ಲಾಭಕ್ಕೆ ಕೊಂಡ ಗಾಡಿಗೆ ಈ ಕಾಯ್ದೆಯ ಆಸರೆ ಇಲ್ಲ. ಆದರೆ ಹೊಟ್ಟೆಪಾಡಿಗೆ, ಸ್ವಂತ ದುಡಿಮೆಗೆ ಅಂತ ಕೊಂಡು ಓಡಿಸೋನು ಗ್ರಾಹಕನೇ. ದೂರಿನ ಮೊದಲ ಪ್ಯಾರಾದಲ್ಲೇ ಅದನ್ನ ಬರೀರಿ. ಬರೆಯದಿದ್ರೆ ಕಂಪನಿಯ ವಕೀಲರ ಮೊದಲ ಆಕ್ಷೇಪಣೆ ಅದೇ ಆಗಿರುತ್ತೆ.

ಸುರಕ್ಷತೆಗೆ ಸಂಬಂಧಪಟ್ಟ ದೋಷ ಆದರೆ ಇನ್ನೊಂದು ದಾರಿ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 110-ಎ ಸೆಕ್ಷನ್ ಸೇರಿಸಿದರು. ವಾಹನಗಳನ್ನ ವಾಪಸ್ ಕರೆಸಿ ಅಂತ ಕಂಪನಿಗೆ ಆದೇಶ ಕೊಡೋ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಯಲ್ಲಿವೆ. ದಂಡ 10 ಲಕ್ಷದಿಂದ 1 ಕೋಟಿವರೆಗೆ. ಆದರೆ ಅದು ಕೆಲಸ ಮಾಡಬೇಕಾದ್ರೆ ಮಾರಾಟವಾದ ಗಾಡಿಗಳ ಸಂಖ್ಯೆಗೆ ತಕ್ಕಷ್ಟು ದೂರುಗಳು ಬೀಳಬೇಕು. ಅಂದ್ರೆ ನಿಮ್ಮ ಒಂದು ದೂರು ನಿಮ್ಮೊಬ್ಬರ ಗಾಡಿಗೆ ಮಾತ್ರ ಅಲ್ಲ.

ಇಷ್ಟೆಲ್ಲ ಆದ ಮೇಲೆ, ನಾಳೆ ಬೆಳಗ್ಗೆ ಸರ್ವಿಸ್ ಸೆಂಟರ್‌ನಲ್ಲಿ ನೀವೇನು ಮಾಡಬೇಕು? ಬಾಯಿಮಾತಿನ ವ್ಯವಹಾರ ನಿಲ್ಲಿಸಿ. ಜಾಬ್ ಕಾರ್ಡ್‌ನಲ್ಲಿ ತೊಂದರೆಯನ್ನ ನಿಮ್ಮ ಮಾತಿನಲ್ಲೇ ಬರೆಸಿ. ‘ಜನರಲ್ ಚೆಕಪ್’ ಅಂತ ಬರೆದರೆ ಸಹಿ ಹಾಕಬೇಡಿ. ‘ಎರಡರಿಂದ ಮೂರನೇ ಗೇರ್‌ಗೆ ಹೋಗುವಾಗ, ಗಾಡಿ ಬಿಸಿಯಾದ ಮೇಲೆ, 30ರ ವೇಗದಲ್ಲಿ ಹೊಡೆತ’ ಅಂತ ಬರೆಸಿ. ತಾರೀಖು, ಕಿಲೋಮೀಟರ್ ಇರಲಿ. ಒಬ್ಬರೇ ಹೊರಗೆ ಕಾಯ್ತಾ ಕೂರಬೇಡಿ, ಟೆಕ್ನೀಷಿಯನ್ ಜೊತೆ ನೀವೂ ಗಾಡಿಯಲ್ಲಿ ಕೂತು ಹೋಗಿ, ಹೊಡೆತ ಬಂದಾಗ ‘ಇದೇ’ ಅಂತ ತೋರಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಇದೆಯಾ, ಕಲಿಕೆಯ ಲೆಕ್ಕ ರೀಸೆಟ್ ಮಾಡಿದ್ರಾ, ಎಣ್ಣೆಯ ಮಟ್ಟ ನೋಡಿದ್ರಾ ಅಂತ ಕೇಳಿ, ಉತ್ತರವನ್ನೂ ಬರೆಸಿ. ಇನ್ನೂ ಸಾವಿರ ಕಿಲೋಮೀಟರ್ ಓಡಿಸಿ ನೋಡಿ ಅಂದರೆ, ಆಗಲಿ, ಓಡಿಸೋಣ. ಆದರೆ ಆ ಸಾವಿರದ ಮಾತೂ ಕಾಗದದ ಮೇಲಿರಲಿ. ಸಾವಿರ ಮುಗಿದ ದಿನವೇ ವಾಪಸ್ ಹೋಗಿ. ವಾರಂಟಿ ಮುಗಿಯೋಕೆ ಮುಂಚೆ ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದು ಇ-ಮೇಲ್ ಹಾಕಿ.

ಆ ಕೌಂಟರ್‌ನಲ್ಲಿ ಕೂತ ಹುಡುಗನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಪಾಪ, ಅವನಿಗೆ ಮೇಲಿನವರು ಹೇಳಿಕೊಟ್ಟಿದ್ದನ್ನ ಅವನು ಹೇಳ್ತಾನೆ. ಅವನಿಗೆ ಒಂದೇ ಒಂದು ಮಾತು ಹೇಳಿ: "ನಾರ್ಮಲ್ ಅಂತೀರಲ್ಲ ತಮ್ಮಾ, ಅದನ್ನೇ ಬರೆದು, ಸೀಲ್ ಹಾಕಿ, ಸಹಿ ಮಾಡಿ ಕೊಟ್ಟುಬಿಡಿ." ನಿಜವಾಗಲೂ ನಾರ್ಮಲ್ ಇದ್ದರೆ ಬರೆದು ಕೊಡ್ತಾನೆ. ಇಲ್ಲದಿದ್ರೆ ಎದ್ದು ಒಳಗೆ ಹೋಗಿ ಮ್ಯಾನೇಜರನ್ನ ಕರೆದುಕೊಂಡು ಬರ್ತಾನೆ. ಮಾತುಕತೆ ಅಲ್ಲಿಂದ ಶುರು ಮಾಡಿ.